ಗದ್ದೆಮ್ಮನ ಬಲಗೈ

ಎಸರಿನ ತಂಬಿಗೆ ಗದ್ದೆಮ್ಮನ ಕೈಯಿಂದ ಜಾರಿ ಬಿದ್ದಾಗ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಕಲ್ಯಾಣಮ್ಮನ ಮನಸ್ಸಿಗೆ ಮೊದಲು ಬಂದದ್ದು ಯಾರಿಗೆ ಸುಟ್ಟಿತೋ ಎಂಬ ಗಾಬರಿಯಲ್ಲ. ಇದು ಆಗುತ್ತದೆ ಎಂದು ನನಗೆ ಗೊತ್ತಿತ್ತು ಎಂಬ ಮಾತು.

ಸುಡುನೀರು ನೆಲದ ತುಂಬ ಹರಡಿತು. ಪಕ್ಕದ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದ ಗ್ಯಾನಮ್ಮ ಸೀರೆ ಎತ್ತಿಕೊಂಡು ಹಾರಿ ನಿಂತಳು. ಪಾದಕ್ಕೆ ನಾಲ್ಕು ಹನಿ ಸಿಡಿದದ್ದು ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ.

"ಕಣ್ಣು ಎಲ್ಲಿಟ್ಟೀಬೇ ಗದ್ದಿ? ನನ್ನ ಕಾಲು ಬೇಯಿಸಿ ಯಾರಿಗೆ ಉಣ್ಣಾಕ ಇಡಾಕಿ ಇದ್ದಿ?"

ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದ ಮಕ್ತುಂಬೀ ತಿರುಗಿ ನೋಡದೆಯೇ, "ನಿನ್ನ ಕಾಲಿನಾಗ ಏನೈತಿ ಬಿಡು, ಬರೇ ಎಲುಬು. ಸಾರಿಗೂ ಬರಂಗಿಲ್ಲ," ಎಂದಳು.

ಎಲ್ಲರೂ ನಕ್ಕರು. ಗದ್ದೆಮ್ಮನೂ ನಕ್ಕಳು. ನಗುತ್ತಲೇ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ಕಲ್ಯಾಣಮ್ಮ ಒಬ್ಬಳೇ ನೋಡಿದಳು.

ಮಸ್ಕಿಯ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಕಲ್ಯಾಣಮ್ಮನ ರೊಟ್ಟಿ ಕೇಂದ್ರ. ಗಂಡನ ಕಿರಾಣಿ ಅಂಗಡಿ ಮುಚ್ಚಿಹೋದ ಮೇಲೆ ಆಕೆ ಮನೆಯ ಪಡಸಾಲೆಯಲ್ಲಿ ಒಂದು ಒಲೆ, ಒಂದು ಕಲ್ಲು ಇಟ್ಟುಕೊಂಡು ಶುರುಮಾಡಿದ್ದು. ಆಗ ಒಬ್ಬಾಕೆಯೇ ಹಿಟ್ಟು ನಾದಿ, ಬಡಿದು, ಬೇಯಿಸಿ, ಒಣಗಿಸಿ, ಕಟ್ಟು ಕಟ್ಟುತ್ತಿದ್ದಳು. ಕೇಂದ್ರ ಬೆಳೆದಂತೆ ಹೆಂಗಸರು ಸೇರಿದರು, ಒಲೆಗಳು ಹೆಚ್ಚಿದವು. ಆಗ ಕಲ್ಯಾಣಮ್ಮನಿಗೆ ಒಂದು ಉಪಾಯ ಹೊಳೆಯಿತು. ಯಾರ ಕೈ ಯಾವುದಕ್ಕೆ ಪಳಗಿದೆಯೋ ಅವರು ಅದನ್ನೇ ಮಾಡಲಿ. ತೋಳಿನಲ್ಲಿ ಶಕ್ತಿ ಇದ್ದವಳು ನಾದಲಿ, ಬೆಂಕಿಗೆ ಹೆದರದವಳು ಬೇಯಿಸಲಿ, ಕೈ ಹಗುರ ಇದ್ದವಳು ಬಡಿಯಲಿ. ಅಂದಿನಿಂದ ರೊಟ್ಟಿಯ ಕಟ್ಟುಗಳು ಎದ್ದೆದ್ದು ನಿಂತವು. ಓದಿದವರಿಗೂ ಹೊಳೆಯದ್ದು ತನಗೆ ಹೊಳೆಯಿತು ಎಂದು ಕಲ್ಯಾಣಮ್ಮ ಎಷ್ಟೋ ದಿನ ಒಳಗೊಳಗೇ ಬೀಗಿದ್ದಳು.

ಕೈ ಹಗುರ ಎಂದರೆ ಗದ್ದೆಮ್ಮನದು. ಪಾಮನಕಲ್ಲೂರಿನಿಂದ ದಿನಾ ಬೆಳಿಗ್ಗೆ ಟಂಟಂ ಆಟೋ ಹತ್ತಿ ಬರುವ ಈ ಹೆಂಗಸು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಅಂಚು ಒಡೆಯುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಖಾನಾವಳಿ ನಡೆಸುವ, ಮದುವೆಗಳ ಅಡುಗೆ ಹಿಡಿಯುವ ಪಂಪಾಪತಿ, "ಅಕ್ಕಾರ, ಉಳಿದವರ್ದು ಏನರ ಕೊಡ್ರಿ, ಗದ್ದೆಮ್ಮನ ಕೈಯಾಗಿನ ರೊಟ್ಟಿ ಮಾತ್ರ ತಪ್ಪಸಬ್ಯಾಡ್ರಿ," ಎನ್ನುತ್ತಿದ್ದ. ಹಾಗಾಗಿ ಗದ್ದೆಮ್ಮ ಬೆಳಿಗ್ಗೆ ಕೂತರೆ ಸಂಜೆಯವರೆಗೆ ಬಡಿಯುವುದೊಂದೇ. ಬಡಿಯುವವರ ಜಾಗ ಬಾಗಿಲ ಹತ್ತಿರ, ಓಣಿಯಲ್ಲಿ ಹೋಗುವವರಿಗೆ ಕಾಣುವಂತೆ. ಅವರಿಗೆ ಕೂಲಿಯೂ ಉಳಿದವರಿಗಿಂತ ಮೇಲು. ಶ್ರಾವಣದಲ್ಲಿ ಎಲ್ಲರಿಗಿಂತ ಹೆಚ್ಚು ಬಡಿದವಳಿಗೆ ಕಲ್ಯಾಣಮ್ಮ ಉಡಿ ತುಂಬಿ ಒಂದು ಇಳಕಲ್ ಸೀರೆ ಕೊಡುತ್ತಿದ್ದಳು. ಆ ಸೀರೆ ಬೇರೆಯವರ ಮನೆಗೆ ಹೋದದ್ದು ಅಪರೂಪ.

ಮನೆಮಂದಿಗೆ ಆಗುವಷ್ಟು ಬಡಿದರೆ ಯಾವ ಕೈಗೂ ಏನೂ ಆಗುವುದಿಲ್ಲ. ನಮ್ಮ ಕಡೆ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಬಡಿದೇ ಬೆಳೆದವರು. ಆದರೆ ಅದೇ ಅಂಗೈ, ಅದೇ ಮಣಿಕಟ್ಟು, ಅದೇ ಏಟು, ಬೆಳಗಿನಿಂದ ಸಂಜೆಯವರೆಗೆ, ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ. ಎತ್ತಿಗಾದರೂ ಹೆಗಲು ಬದಲಿಸುತ್ತಾರೆ.

ಎಳ್ಳಮವಾಸ್ಯೆಯ ಹೊತ್ತಿನಲ್ಲಿ ಸಜ್ಜೆ ರೊಟ್ಟಿಗೆ, ಕಡಕ್ ರೊಟ್ಟಿಗೆ ಬೇಡಿಕೆ ಏರಿದಾಗ ಕಲ್ಯಾಣಮ್ಮ ಮೊದಲ ಸಲ ನೋಡಿದ್ದು. ಗದ್ದೆಮ್ಮ ಒಂದು ರೊಟ್ಟಿ ಮುಗಿಸಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬಲಗೈಯನ್ನು ನೀರು ಕೊಡವಿದಂತೆ ಕೊಡವಿದಳು. ಮತ್ತೆ ಕೊಡವಿದಳು. ತಲೆ ಎತ್ತಿದಾಗ ಕಲ್ಯಾಣಮ್ಮನ ಕಣ್ಣಿಗೆ ಕಣ್ಣು ಸೇರಿತು. ಕಲ್ಯಾಣಮ್ಮ ಮುಖ ತಿರುಗಿಸಿ, ಬಾಗಿಲಲ್ಲಿ ನಿಂತ ಗಿರಾಕಿಯ ಜೊತೆ ಮಾತಿಗೆ ತೊಡಗಿದಳು.

ಏನಾಗಿದೆ ಎಂದು ಕೇಳಿದ್ದರೆ ಗದ್ದೆಮ್ಮ ಹೇಳುತ್ತಿದ್ದಳೋ ಏನೋ. ಹೇಳಿದರೆ ಅವಳನ್ನು ಕಲ್ಲಿನಿಂದ ಎಬ್ಬಿಸಬೇಕಾಗುತ್ತಿತ್ತು. ಮದುವೆಯ ಹಂಗಾಮು ಮುಂದಿತ್ತು, ಪಂಪಾಪತಿಗೆ ಮಾತು ಕೊಟ್ಟಾಗಿತ್ತು. ಕೇಳದಿದ್ದರೆ ಏನೂ ಆಗಿಲ್ಲ ಎಂದೇ ಲೆಕ್ಕ. ವ್ಯಾಪಾರದಲ್ಲಿ ಇಂಥ ಕುರುಡುತನ ಕಲಿಯುವುದಕ್ಕೆ ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ಆಮೇಲೆ ಗದ್ದೆಮ್ಮ ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿಯತೊಡಗಿದ್ದು, ಕುಪ್ಪಸದ ಗುಂಡಿಯನ್ನು ಮಕ್ತುಂಬೀಗೆ ಹಾಕು ಎಂದದ್ದು, ಇವೆಲ್ಲವೂ ಕಲ್ಯಾಣಮ್ಮನಿಗೆ ಕಂಡವು. ಕಂಡು ಸುಮ್ಮನಿದ್ದಳು.

ಈಗ ತಂಬಿಗೆ ಬಿದ್ದಿತ್ತು.

"ನಾಳೆ ಸಿಂಧನೂರಿಗೆ ಹೋಗೂಣು. ಡಾಕ್ಟರ್‌ಗೆ ತೋರಸೂಣು," ಎಂದಳು ಕಲ್ಯಾಣಮ್ಮ.

"ಯಾಕ್ರಿ ಅಕ್ಕಾರ? ವಾಯು ಐತ್ರಿ ಅಷ್ಟ. ಬದನಿಕಾಯಿ ಬಿಟ್ಟೀನಿ, ಆಲೂಗಡ್ಡಿ ಬಿಟ್ಟೀನಿ. ಹೋಗ್ತೈತಿ."

"ಬದನಿಕಾಯಿ ಬಿಟ್ಟು ಎಷ್ಟು ದಿನ ಆತು?"

ಉತ್ತರ ಕೊಟ್ಟವಳು ಮಕ್ತುಂಬೀ: "ಬದನಿಕಾಯಿ ಆಕೀನ್ನ ಮರತ ಬಿಟ್ಟೈತ್ರಿ."

ಸಿಂಧನೂರಿನ ಡಾಕ್ಟರು ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಗದ್ದೆಮ್ಮನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು. ಎರಡೂ ಕೈಗಳನ್ನು ಕೆಳಗೆ ಮಡಚಿ ಹಿಡಿಯಲು ಹೇಳಿದರು. ಸ್ವಲ್ಪ ಹೊತ್ತಿಗೇ ಅವಳ ಮುಖ ಕಿವುಚಿತು.

"ಬೆರಳು ಜುಮ್ ಅಂತಾವೇನು?"

"ಇರಿವಿ ಹರದಾಡಿದಂಗ ಆಗ್ತೈತ್ರಿ."

"ರಾತ್ರಿ ಎಚ್ಚರ ಆಗ್ತೈತೇನು?"

"ದಿನಾ ಆಗ್ತೈತ್ರಿ. ಎದ್ದು ಕೈ ಝಾಡಿಸಿದ್ರ ಮತ್ತ ನಿದ್ದಿ ಹತ್ತತೈತಿ."

ಡಾಕ್ಟರು ಅವಳ ಹೆಬ್ಬೆರಳ ಬುಡವನ್ನು ಒತ್ತಿ ನೋಡಿದರು. ಎಡಗೈಯಲ್ಲಿ ಅಲ್ಲಿ ಮಾಂಸ ಉಬ್ಬಿತ್ತು. ಬಲಗೈಯಲ್ಲಿ ತಗ್ಗು ಬಿದ್ದಿತ್ತು. "ಎಷ್ಟು ದಿನದಿಂದ?" ಎಂದು ಕೇಳಿದರು.

"ಈಗೀಗರಿ ಸಾಹೇಬ್ರ. ಹೋಳಿ ಹುಣ್ಣಿವಿ ಆದ ಮ್ಯಾಲೆ."

"ಸುಳ್ಳು ಹೇಳಬ್ಯಾಡ್ರಿ. ಮಾಂಸ ಇಷ್ಟು ಇಳೀಬೇಕಾದ್ರ ಬಾಳ ದಿನ ಬೇಕು. ನಿಮ್ಮ ಜೋಡಿ ಇದ್ದವರು, ಕೆಲಸ ಕೊಟ್ಟವರು, ಯಾರೂ ನೋಡಲಿಲ್ಲೇನು?"

ಕಲ್ಯಾಣಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿದ್ದ ಬಸವಣ್ಣನ ಚಿತ್ರ ನೋಡುತ್ತಿದ್ದಳು.

"ನಾ ಯಾರಿಗೂ ತೋರಿಸಿಲ್ರಿ," ಎಂದಳು ಗದ್ದೆಮ್ಮ.

ಮಣಿಕಟ್ಟಿನ ಸಣ್ಣ ದಾರಿಯಲ್ಲಿ ಹಾದುಹೋಗುವ ನರ ಒತ್ತಿಕೊಂಡಿದೆ, ಕೊಯ್ದು ಅದಕ್ಕೆ ಜಾಗ ಮಾಡಿಕೊಡಬೇಕು ಎಂದರು ಡಾಕ್ಟರು. ಜುಮ್ಮೆನ್ನುವುದು ಹೋಗುತ್ತದೆ, ನಿದ್ದೆ ಬರುತ್ತದೆ, ಆದರೆ ಹೋದ ಶಕ್ತಿ ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. ನಂತರ ಕಲ್ಯಾಣಮ್ಮನ ಕಡೆ ತಿರುಗಿದರು.

"ನೋಡ್ರಿ ಅಮ್ಮಾರ, ರೊಟ್ಟಿ ಬಡಿಯೋದು ರೋಗ ಅಲ್ಲ. ದಿನವಿಡೀ ಅದೊಂದ ಬಡಿಯೋದು ರೋಗ. ಒಂದು ತಾಸು ಬಡದ್ರ ಇನ್ನೊಂದು ತಾಸು ಬ್ಯಾರೆ ಏನರ ಮಾಡ್ಲಿ. ನಡುವ ಕೈಗೆ ಪುರುಸೊತ್ತು ಕೊಡ್ರಿ. ಕಲ್ಲು ಎತ್ತರಕ್ಕ ಇಡ್ರಿ, ಮಣಿಕಟ್ಟು ಮಡಚಿ ಬಡಿಯೋದು ಕಮ್ಮಿ ಆಗ್ತೈತಿ. ಎಲ್ಲಾದಕ್ಕಿಂತ ದೊಡ್ಡದು, ಬೆರಳು ಮೊದಲ ಸಲ ಜುಮ್ ಅಂದಾಗ ಹೇಳಾಕ ಹಚ್ಚರಿ. ಅವಾಗ ಬಂದಿದ್ರ ಒಂದು ಪಟ್ಟಿ ಕಟ್ಟಿ ಕಳಸ್ತಿದ್ದೆ. ಕೊಯ್ಯೋ ಪ್ರಸಂಗ ಬರ್ತಿದ್ದಿಲ್ಲ."

ಬಸ್‌ನಿಲ್ದಾಣದಲ್ಲಿ ಇಬ್ಬರೂ ಚಹಾ ತೆಗೆದುಕೊಂಡರು. ಗದ್ದೆಮ್ಮ ಕಪ್ಪನ್ನು ಎಡಗೈಯಲ್ಲಿ ಹಿಡಿದು, ಊದಿ, ಒಂದು ಗುಟುಕು ಕುಡಿದು ಮಾತಾಡಿದಳು.

"ಅಕ್ಕಾರ, ಒಂದು ಮಾತು ಮನಸಿನಾಗ ಉಳದೈತ್ರಿ. ಎಳ್ಳಮವಾಸಿ ಮುಂದ ನಾ ಕೈ ಝಾಡಸ್ತಿದ್ದೆ. ನೀವು ನೋಡಿದ್ರಿ."

ಕಲ್ಯಾಣಮ್ಮ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟಳು.

"ನಾ ಅನ್ಕೊಂಡೆ, ನಂದು ಮುಗೀತು, ನಾಳಿಂದ ಬರಬ್ಯಾಡ ಅಂತಾರ ಅಂತ. ನೀವು ಮುಖ ಆಕಡಿ ತಿರುವಿದ್ರಿ. ಒಂದು ಮಾತು ಕೇಳಲಿಲ್ಲ. ಬ್ಯಾರೆಯವರಾಗಿದ್ರ ಅವತ್ತ ಕಳಸ್ತಿದ್ರು. ನಿಮ್ಮ ಕರುಳು ದೊಡ್ಡದ್ರಿ ಅಕ್ಕಾರ."

ಹೇಳುವುದಿದ್ದರೆ ಅದೇ ಹೊತ್ತು. ಹಂಗಲ್ಲಬೇ ತಂಗಿ, ಅದು ಕರುಳಲ್ಲ, ಪಂಪಾಪತಿಯ ಆರ್ಡರು ಎನ್ನಬೇಕಿತ್ತು. ಅಷ್ಟರಲ್ಲಿ ಕಂಡಕ್ಟರ್ "ಮಸ್ಕಿ, ಲಿಂಗಸುಗೂರ" ಎಂದು ಕೂಗಿದ. ಕಲ್ಯಾಣಮ್ಮ ಅವಸರವಿಲ್ಲದಿದ್ದರೂ ಅವಸರ ಮಾಡಿ ಎದ್ದಳು. ಕಾಲುವೆಯ ಹಸಿರು ಗದ್ದೆಗಳು ಮುಗಿದು ಒಣಭೂಮಿ ಬರುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತಳು. ಗದ್ದೆಮ್ಮ ಅವಳ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಆಪರೇಶನ್ ಆಯಿತು. ಖರ್ಚನ್ನು ಕಲ್ಯಾಣಮ್ಮ ಕೊಟ್ಟಳು. ಗಾಯ ಮಾಯುವವರೆಗೆ ಗದ್ದೆಮ್ಮ ಮನೆಯಲ್ಲಿದ್ದ ದಿನಗಳ ಕೂಲಿಯನ್ನೂ ಕಳಿಸಿದಳು. ಓಣಿಯವರು ಹೊಗಳಿದರು. ಗದ್ದೆಮ್ಮನ ಗಂಡ ಬಂದು ಕಾಲಿಗೆ ಬಿದ್ದು ಹೋದ. ಅವತ್ತು ಕಲ್ಯಾಣಮ್ಮನಿಗೆ ಊಟ ಸೇರಲಿಲ್ಲ. ಕದ್ದ ಮಾಲನ್ನು ದಾನ ಮಾಡಿ ಹೊಗಳಿಸಿಕೊಂಡಂತಾಗಿತ್ತು.

ತಪ್ಪನ್ನು ತಿದ್ದಿಕೊಳ್ಳಬೇಕೆಂದು ಆಕೆ ತನಗೆ ತಿಳಿದಂತೆ ಒಂದು ಕಾಯ್ದೆ ಮಾಡಿದಳು. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಎಲ್ಲರೂ ಕೈ ತೋರಿಸಬೇಕು. ನೋವು ಇದ್ದವರು ಹೇಳಬೇಕು. ಹೇಳಿದವರಿಗೆ ಬಡಿಯುವುದು ಬಿಡಿಸಿ ಹಿಂದಿನ ಕೋಣೆಯಲ್ಲಿ ಹಗುರ ಕೆಲಸ ಕೊಡಲಾಗುವುದು.

ಹೆಂಗಸರು ಸಾಲಾಗಿ ನಿಂತು ಅಂಗೈ ಚಾಚಿದರು.

"ಜಾತ್ರಿಯಾಗ ಎತ್ತಿನ ಹಲ್ಲು ನೋಡಿದಂಗ ನೋಡ್ತೀರಲ್ರಿ ಅಕ್ಕಾರ," ಎಂದಳು ಮಕ್ತುಂಬೀ. "ನನ್ನ ಹಲ್ಲೂ ನೋಡ್ರಿ. ಎರಡು ಹೋಗ್ಯಾವ, ರೇಟ್ ಕಮ್ಮಿ ಮಾಡಬ್ಯಾಡ್ರಿ ಮತ್ತ."

"ಸುಮ್ಕಿರಬೇ. ಗ್ಯಾನಮ್ಮ, ನಿನಗೇನಾರ ನೋವು?"

"ಏನಿಲ್ರಿ."

ಯಾರಿಗೂ ಏನೂ ಇರಲಿಲ್ಲ. ದಿನಾ ಬೆಳಿಗ್ಗೆ ಯಾರಿಗೂ ಏನೂ ಇರಲಿಲ್ಲ. ಕಲ್ಯಾಣಮ್ಮನ ಎದೆ ಹಗುರಾಯಿತು. ಗದ್ದೆಮ್ಮನ ಜಾಗಕ್ಕೆ ಗ್ಯಾನಮ್ಮ ಬಂದಳು. ಅವಳ ರೊಟ್ಟಿ ಮೊದಮೊದಲು ದಪ್ಪ ಇತ್ತು. ಪಂಪಾಪತಿ ಫೋನ್ ಮಾಡಿ, "ಏನ್ರಿ ಅಕ್ಕಾರ, ಇದು ರೊಟ್ಟೀನೋ ಹಂಚೋ? ಬೀಗರು ಹಲ್ಲು ಮುರಕೊಂಡ್ರ ನನ್ನ ಮ್ಯಾಲೆ ಬರ್ತೈತಿ," ಎಂದು ಗೊಣಗಿದ್ದ. ಗ್ಯಾನಮ್ಮ ಹಟ ಹಿಡಿದು ಬಡಿದಳು. ನೋಡನೋಡುತ್ತ ಅವಳ ರೊಟ್ಟಿಯೂ ತೆಳುವಾಯಿತು. ಕಲ್ಲುಗಳನ್ನು ಎತ್ತರಕ್ಕೆ ಇಡುವ ವಿಚಾರ, ತಾಸಿಗೊಮ್ಮೆ ಕೆಲಸ ಬದಲಿಸುವ ವಿಚಾರ ಮದುವೆ ಹಂಗಾಮು ಮುಗಿಯಲಿ ಎಂದು ಹಿಂದೆ ಬಿದ್ದವು.

ಗದ್ದೆಮ್ಮ ಕೆಲಸಕ್ಕೆ ಮರಳಿದಳು. ಅವಳನ್ನು ಹಿಂದಿನ ಕೋಣೆಯಲ್ಲಿ ರೊಟ್ಟಿಯ ಕಟ್ಟು ಕಟ್ಟಲು ಕೂರಿಸಿದರು. ಕೂಲಿ ಹಿಂದಿನ ಕೋಣೆಯ ಕೂಲಿ. ಒಬ್ಬಳಿಗೆ ಹೆಚ್ಚು ಕೊಟ್ಟರೆ ಉಳಿದವರು ಕೇಳುತ್ತಾರೆ, ಕಾಯ್ದೆ ಎಂದ ಮೇಲೆ ಕಾಯ್ದೆ ಎಂದು ಕಲ್ಯಾಣಮ್ಮ ತನಗೆ ತಾನೇ ಹೇಳಿಕೊಂಡಳು. ಗದ್ದೆಮ್ಮನ ಬೆರಳಿನ ಇರುವೆಗಳು ಹೋಗಿದ್ದವು, ಆದರೆ ದಾರದ ಗಂಟು ಬಿಗಿಯಲು ಹೆಬ್ಬೆರಳಿಗೆ ಬಲ ಇರಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು, ಎಡಗೈಯಿಂದ ಎಳೆದು ಕಟ್ಟುತ್ತಿದ್ದಳು. ಆಚೀಚೆ ಹೋಗುವಾಗ ಎಲ್ಲ ಹೆಂಗಸರೂ ಅದನ್ನು ನೋಡುತ್ತಿದ್ದರು. ಕೈ ತೋರಿಸಿದವಳ ಗತಿ ಏನು ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಕಲ್ಯಾಣಮ್ಮ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗ್ಯಾನಮ್ಮ ನೀರಿನ ಹೌದದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬಲಗೈ ಮೊಣಕೈವರೆಗೆ ತಣ್ಣೀರಿನಲ್ಲಿ ಮುಳುಗಿತ್ತು. ಕಣ್ಣು ಮುಚ್ಚಿದ್ದಳು. ಹೆಜ್ಜೆಯ ಸದ್ದಿಗೆ ಬೆಚ್ಚಿ ಕೈ ಎಳೆದುಕೊಂಡಳು. ಬಳೆಗಳ ಕೆಳಗೆ ಮಣಿಕಟ್ಟಿಗೆ ಬಿಗಿದ ಬಟ್ಟೆಯ ಚೂರೊಂದು ತೊಯ್ದು ಅಂಟಿತ್ತು.

"ಯಾವಾಗಿಂದ?"

"ಏನಿಲ್ರಿ ಅಕ್ಕಾರ, ಶೆಕಿ ಆಗಿತ್ತು, ಅದಕ್ಕ..."

"ಗ್ಯಾನಿ, ಯಾವಾಗಿಂದ ಅಂದೆ."

ಗ್ಯಾನಮ್ಮನಿಗೆ ಅಳು ಬಂತು. ಅಳುವಿನ ಜೊತೆ ಸಿಟ್ಟೂ ಬಂತು. "ಬಸವ ಜಯಂತಿ ಆದಾಗಿಂದ ಐತ್ರಿ. ಹೇಳಿದ್ರ ಏನ್ಮಾಡ್ತೀರಿ? ಹಿಂದ ಕುಂದ್ರಸ್ತೀರಿ. ಕೂಲಿ ಕಡೀತೀರಿ. ನಿಮಗೇನ್ರಿ, ಬೆಳಿಗ್ಗೆ ಒಮ್ಮೆ ಕೈ ನೋಡಿ, ನೀವು ನೋಡಿದಂಗೂ ಆತು, ನಾವು ಇಲ್ಲಂದಂಗೂ ಆತು. ನನ್ನ ಮನ್ಯಾಗ ಉಣ್ಣಾವ್ರು ಎಷ್ಟು ಮಂದಿ ಅದಾರ ಕೇಳೀರೇನು?"

ಕಲ್ಯಾಣಮ್ಮ ಅವಳನ್ನು ಕರೆದುಕೊಂಡು ಹಿಂದಿನ ಕೋಣೆಗೆ ಬಂದಳು. ಗದ್ದೆಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ತಲೆ ಎತ್ತಿದಳು.

"ಗದ್ದೆಮ್ಮ, ನೋಡಿದೇನು ಈಕಿ ಕೈ? ನಿನಗಾದದ್ದ ಈಕಿಗೂ ಆಗಾಕತ್ತೈತಿ."

"ಗೊತ್ತೈತ್ರಿ," ಎಂದಳು ಗದ್ದೆಮ್ಮ ದಾರ ಬಿಟ್ಟು. "ನನಗ ಹೇಳಿದ್ಲು. ಆ ಬಟ್ಟಿ ಕಟ್ಟಿದಾಕಿ ನಾನ."

"ನೀ ಗೊತ್ತಿದ್ದೂ ಸುಮ್ಕ ಕುಂತೀಯೇನು? ಇಷ್ಟು ಅನುಭವಿಸಿ?"

ಗದ್ದೆಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹೇಳಿದ್ರ ಆಕಿ ಕೂಲಿ ಹೋಗ್ತಿತ್ತಲ್ರಿ. ನೀವು ನನ್ನ ಸಲುವಾಗಿ ಸುಮ್ಕಿದ್ರಿ. ನಾ ಆಕಿ ಸಲುವಾಗಿ ಸುಮ್ಕಿದ್ದೆ. ನೀವು ಮಾಡಿದ ಉಪಕಾರಾನ ನಾ ಇನ್ನೊಬ್ಬಾಕಿಗೆ ಮಾಡೀನಿ."

ಕಲ್ಯಾಣಮ್ಮ ಗೋಡೆಗೆ ಒರಗಿದಳು. ಹೊರಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು. ತಾನು ಬಾಯಿ ಮುಚ್ಚಿಕೊಂಡದ್ದು ಈ ಮನೆಯಲ್ಲಿ ಒಂದು ಪುಣ್ಯದ ಕೆಲಸವಾಗಿ ಬೆಳೆದು, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹರಡುತ್ತಿದೆ. ಕಲ್ಲು ಎತ್ತರಕ್ಕಿಟ್ಟರೂ ಪಟ್ಟಿ ಕಟ್ಟಿದರೂ ಅದು ನಿಲ್ಲುವಂಥದ್ದಲ್ಲ. ಅದಕ್ಕೆ ಇದ್ದ ಮದ್ದು ಒಂದೇ, ಅದು ತನ್ನ ಬಾಯಲ್ಲೇ ಇತ್ತು.

"ಅದು ಉಪಕಾರ ಅಲ್ಲಬೇ ಗದ್ದೆಮ್ಮ," ಎಂದಳು. "ಅವತ್ತು ನಿನ್ನ ಕೈ ನೋಡಿದೆ. ಪಂಪಾಪತಿ ಮದವಿ ಆರ್ಡರ್ ಇದ್ವು. ನೀ ಎದ್ರ ಅವು ತಪ್ತಾವ ಅಂತ ಮುಖ ತಿರುವಿದೆ. ನಿನ್ನ ಕೂಲಿ ನನಗ ನೆನಪ ಆಗಲಿಲ್ಲ. ಆರ್ಡರ್ ಅಷ್ಟ ನೆನಪಾತು. ಆಮ್ಯಾಲೆ ನೀ ಎಡಗೈಲೆ ಚಾ ಕುಡಿಯೋದು ನೋಡಿದೆ. ಅದೂ ಗೊತ್ತಿತ್ತು."

ಗ್ಯಾನಮ್ಮ ಅಳು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದಳು. ಗದ್ದೆಮ್ಮ ಮುಂದಿದ್ದ ಕಟ್ಟನ್ನು ಸರಿಪಡಿಸಿದಳು. ಸರಿ ಇದ್ದದ್ದನ್ನೇ ಮತ್ತೆ ಸರಿಪಡಿಸಿದಳು.

"ರೊಟ್ಟಿ ಮುಟ್ಟಿದ್ವಲ್ರಿ, ಪಂಪಾಪತಿ ಸಾವ್ಕಾರ್‌ಗೆ?"

"ಮುಟ್ಟಿದ್ವು."

"ಎಲ್ಲಾ ಮದವಿಗೂ?"

"ಹೂಂ."

"ಹಂಗಾರ ಆತು ಬಿಡ್ರಿ." ಗದ್ದೆಮ್ಮ ಎದ್ದು, ಸೆರಗು ಕೊಡವಿ, ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಮುಂದಿನ ಬಾಗಿಲಿಂದಲೇ ಹೋದಳು. ಮಕ್ತುಂಬೀ "ಎಲ್ಲಿಗಬೇ ಇಷ್ಟು ಲಗೂನ?" ಎಂದು ಕೂಗಿದ್ದಕ್ಕೂ ತಿರುಗಲಿಲ್ಲ.

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಕಲ್ಯಾಣಮ್ಮ ಗ್ಯಾನಮ್ಮನನ್ನು ಸಿಂಧನೂರಿಗೆ ಕರೆದೊಯ್ದಳು. ಡಾಕ್ಟರು ಮಣಿಕಟ್ಟಿಗೆ ಪಟ್ಟಿ ಕೊಟ್ಟು, ಮಲಗುವಾಗ ಕಟ್ಟಿಕೋ, ಕೆಲವು ವಾರ ಬಡಿಯಬೇಡ, ಇದು ಉಳಿಯುವ ಕೈ ಎಂದರು. ಕಲ್ಯಾಣಮ್ಮ ಬಡಗಿಯನ್ನು ಕರೆಸಿ ಕಲ್ಲುಗಳಿಗೆ ಮರದ ಕಾಲು, ಕೂರಲು ಸ್ಟೂಲು ಮಾಡಿಸಿದಳು. ಕೆಲವು ಹೆಂಗಸರು ನಕ್ಕರು, ರೊಟ್ಟಿ ಅಂದರೆ ನೆಲಕ್ಕೆ ಕೂತೇ ಬಡಿಯಬೇಕು, ಇದೇನು ಹೋಟೆಲಿನ ದೋಸೆಯೇ ಎಂದರು. ನಾದುವವರಿಗೂ ಬಡಿಯುವವರಿಗೂ ಕಟ್ಟುವವರಿಗೂ ಒಂದೇ ಕೂಲಿ ಎಂದಾಗ ಯಾರೂ ನಗಲಿಲ್ಲ. ಬಡಿಯುವವರು ಮುಖ ಬಿಗಿದರು. ಶ್ರಾವಣದ ಸೀರೆ ಇನ್ನು ಮೇಲೆ ಇಲ್ಲ ಎಂದಳು. ಎಲ್ಲವನ್ನೂ ಮಾಡಿದರೂ ಪಾಮನಕಲ್ಲೂರಿಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಟಂಟಂ ಬಂದು ನಿಲ್ಲುವ ಹೊತ್ತಿಗೆ ಬಾಗಿಲ ಕಡೆ ನೋಡುವುದು ಅಭ್ಯಾಸವಾಯಿತು.

ಕೊನೆಗೆ ಮಕ್ತುಂಬೀಯೇ ಹೇಳಿದಳು: "ಅಕ್ಕಾರ, ಬಾಗಲಾ ನೋಡಿದ್ರ ಆಕಿ ಬರ್ತಾಳೇನ್ರಿ? ನೀವ ಹೋಗ್ರಿ. ಬೈದ್ರ ಬೈಸಿಕೊಂಡು ಬರ್ರಿ. ಮುಫತ್ತಾಗಿ ಯಾರೂ ಮಾಫ್ ಮಾಡಂಗಿಲ್ಲ."

ಗದ್ದೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಶೇಂಗಾ ಬೀಜ ಆರಿಸುತ್ತಿದ್ದಳು. ಕೂರಿ ಎನ್ನಲಿಲ್ಲ. ಕಲ್ಯಾಣಮ್ಮ ತಾನೇ ಕೂತಳು. ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು: ಒಂದೇ ಕೂಲಿ, ಎತ್ತರದ ಕಲ್ಲು, ಗ್ಯಾನಮ್ಮನ ಕೈಗೆ ಪಟ್ಟಿ.

"ತಾಸಿಗೊಮ್ಮೆ ಕೆಲಸ ಬದಲಿ?" ಎಂದು ಕೇಳಿದಳು ಗದ್ದೆಮ್ಮ.

"ಮಾಡೀನಿ."

"ನಡೀತೈತೇನ್ರಿ?"

ಕಲ್ಯಾಣಮ್ಮ ಸುಳ್ಳು ಹೇಳಲು ಬಾಯಿ ತೆರೆದು ಮುಚ್ಚಿದಳು. "ಆರ್ಡರ್ ಕಮ್ಮಿ ಇದ್ದಾಗ ನಡೀತೈತಿ. ಅವಸರ ಇದ್ದಾಗ ಇನ್ನೊಂದೀಟು ಅಂತೀನಿ. ಅವರೂ ಹೂಂ ಅಂತಾರ."

ಗದ್ದೆಮ್ಮ ಬೀಜ ಆರಿಸುತ್ತಲೇ ಇದ್ದಳು. ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ಕಲ್ಲೊಂದನ್ನು ಎತ್ತಲು ನೋಡಿದಳು. ಅದು ಜಾರಿತು. ಎಡಗೈಯಿಂದ ಎತ್ತಿ ಬಿಸಾಡಿದಳು.

"ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ರಿ," ಎಂದಳು. "ಹೋಗ್ತೈತಿ ಅಂತಾನೂ ಹೇಳಂಗಿಲ್ಲ. ರಾತ್ರಿ ನಿಮಗ ಒಳ್ಳೇದಾಗಲಿ ಅಂತ ದೀಪ ಹಚ್ತಿದ್ದೆ. ಅದು ನೆನಪಾದ್ರ ಹೊಟ್ಟಿ ಉರೀತೈತಿ. ಆದ್ರ ಮನ್ಯಾಗ ಕುಂತು ಸಿಟ್ಟು ತಿಂದ್ರ ಹೊಟ್ಟಿ ತುಂಬಂಗಿಲ್ಲ. ಬರ್ತೀನಿ. ಹಿಂದ ಕುಂದ್ರಂಗಿಲ್ಲ."

"ಎಲ್ಲಿ ಬೇಕಾರ ಕುಂದರು."

"ಕುಂದ್ರದ ಬ್ಯಾಡ. ಯಾರು ಯಾವಾಗ ಏಳಬೇಕು ಅನ್ನೋದು ನಾ ಹೇಳ್ತೀನಿ. ನೀವು ಹೇಳಬಾರದು. ನೀವು ಹೇಳಾಕ ಹೋದ್ರ ನಡುವ ಆರ್ಡರ್ ನೆನಪಾಗ್ತೈತಿ."

ಕಲ್ಯಾಣಮ್ಮ ತಲೆಯಾಡಿಸಿದಳು. ತಲೆಯಾಡಿಸಿದ್ದು ಗದ್ದೆಮ್ಮನಿಗೆ ಸಾಲಲಿಲ್ಲ. "ಬಾಯಿಲೆ ಹೇಳ್ರಿ."

"ನೀ ಹೇಳಿದಂಗ ಆಗ್ಲಿ."

ಗದ್ದೆಮ್ಮ ಬಂದಳು. ಮೊದಲಿನಂತೆ ಬರಲಿಲ್ಲ. ಕಲ್ಯಾಣಮ್ಮ ಹಬ್ಬಕ್ಕೆ ಕೊಟ್ಟ ಸಿಹಿಯನ್ನು ಎಲ್ಲರಿಗೂ ಹಂಚಿ ತಾನು ಮುಟ್ಟಲಿಲ್ಲ. ಆದರೆ ಅವಳು ಸಾಲಿನ ನಡುವೆ ಓಡಾಡುತ್ತಾ ಎಲ್ಲರ ಭುಜ, ಮಣಿಕಟ್ಟು, ಮುಖ ನೋಡುತ್ತಿದ್ದಳು. ಕೈ ಚಾಚಿ ತೋರಿಸಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಯಾರ ಏಟು ಬದಲಾಗಿದೆ ಎಂದು ಕಂಡರೆ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದಳು, ಅಷ್ಟೇ. ನಿಂತ ಕೂಡಲೇ ಅವರೇ ಹೇಳುತ್ತಿದ್ದರು. ಒಂದೇ ಕೂಲಿಯಾದ ಮೇಲೆ ಹೇಳಿದ್ದರಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲ. ರೊಟ್ಟಿಯ ಕಟ್ಟುಗಳು ಮೊದಲಿನಷ್ಟು ಎತ್ತರ ಏಳುತ್ತಿರಲಿಲ್ಲ. ಒಂದು ಕಟ್ಟಿನಲ್ಲಿ ನಾಲ್ಕು ಕೈಗಳ ರೊಟ್ಟಿ ಇರುತ್ತಿದ್ದವು, ಕೆಲವು ತೆಳು, ಕೆಲವು ದಪ್ಪ.

ಕಾರ್ತೀಕ ಕಳೆದು ಮತ್ತೆ ಮದುವೆಗಳು ಶುರುವಾದವು. ಪಂಪಾಪತಿಯ ಗಾಡಿ ಬೆಳಿಗ್ಗೆಯೇ ಬಂದು ಓಣಿಯಲ್ಲಿ ನಿಂತಿತ್ತು. ಕೈ ಸಾಲದೆಂದು ಕಲ್ಯಾಣಮ್ಮ ಗಲ್ಲಾಪೆಟ್ಟಿಗೆ ಬಿಟ್ಟು ತಾನೂ ಒಂದು ಕಲ್ಲಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಎಷ್ಟೋ ಕಾಲದ ಮೇಲೆ ಬಡಿಯುತ್ತಿದ್ದರೂ ಅಂಗೈ ಮರೆತಿರಲಿಲ್ಲ. ರೊಟ್ಟಿ ತಿರುಗುತ್ತಾ ಅಗಲವಾಗುತ್ತಿತ್ತು. ಹೊರಗೆ ಪಂಪಾಪತಿ ಗಡಿಯಾರ ನೋಡುತ್ತಾ, "ಲಗೂ ಮಾಡ್ರಿ ಅಕ್ಕಾರ, ಅಲ್ಲಿ ಮದವ್ಯಾಗ ಅಕ್ಕಿಕಾಳು ಬೀಳೋ ಹೊತ್ತಾತು," ಎಂದು ಅವಸರ ಮಾಡುತ್ತಿದ್ದ.

"ಏಳ್ರಿ," ಎಂದಳು ಗದ್ದೆಮ್ಮ.

ಹೆಂಗಸರು ಕಲ್ಲು ಬಿಟ್ಟು ಹಿಂದೆ ಸರಿದರು. ನಾದುವವರು ಮುಂದೆ ಬಂದರು. ಮಕ್ತುಂಬೀ ಒಲೆಯಿಂದ ಎದ್ದು ಸೊಂಟ ನೀವಿಕೊಂಡು, "ಯಾ ಅಲ್ಲಾ," ಎಂದಳು. ಕಲ್ಯಾಣಮ್ಮ ಏಳಲಿಲ್ಲ. ಪಕ್ಕದಲ್ಲಿ ಹಿಟ್ಟಿನ ಉಂಡೆಗಳು ಇನ್ನೂ ಉಳಿದಿದ್ದವು.

"ಇವಿಷ್ಟು ಮುಗಿಸಿಬಿಡ್ತೀನಿ ಗದ್ದೆಮ್ಮ. ಗಾಡಿ ನಿಂತೈತಿ."

ಗದ್ದೆಮ್ಮ ಬಂದು ಪಕ್ಕದಲ್ಲಿ ನಿಂತಳು. ಎಲ್ಲರೂ ನೋಡುತ್ತಿದ್ದರು. ಗ್ಯಾನಮ್ಮನೂ ನೋಡುತ್ತಿದ್ದಳು. ಕಲ್ಯಾಣಮ್ಮ ಏಳದಿದ್ದರೆ ನಾಳೆ ಯಾರೂ ಏಳುವುದಿಲ್ಲ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎತ್ತಿದ ಕೈಯನ್ನು ಕಲ್ಯಾಣಮ್ಮ ಮೆಲ್ಲಗೆ ಇಳಿಸಿದಳು. ಅರ್ಧ ಬಡಿದ ರೊಟ್ಟಿಯನ್ನು ಮುಂದಿನವಳಿಗೆ ಬಿಟ್ಟು, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಹೋದಳು.

"ಪಂಪಾಪತಿ, ಇವತ್ತು ರೊಟ್ಟಿ ಕಮ್ಮಿ ಬೀಳ್ತಾವ."

"ಕಮ್ಮಿ ಬಿದ್ರ ನಾ ಏನ್ಮಾಡ್ಲಿ ಅಕ್ಕಾರ? ಬೀಗರಿಗೆ ಏನ್ ಹೇಳ್ಲಿ?"

"ಅನ್ನ ಜಾಸ್ತಿ ಮಾಡಿಸು. ಬಡಿಯಾವ್ರು ಎದ್ದಾರ ಅಂತ ಹೇಳು."

ಅವನು ಗೊಣಗುತ್ತಾ ಫೋನ್ ಕಿವಿಗಿಟ್ಟುಕೊಂಡ. ಕಲ್ಯಾಣಮ್ಮ ಒಳಗೆ ಬಂದಾಗ ಅವಳ ಪಾಳಿ ಕಟ್ಟು ಕಟ್ಟುವುದಕ್ಕೆ ಬಂದಿತ್ತು. ಹಿಂದಿನ ಕೋಣೆಗೆ ಹೋಗಿ ಕೂತಳು. ಪಾಳಿ ಬದಲಾದದ್ದನ್ನು ನೋಡಿಕೊಂಡು ಗದ್ದೆಮ್ಮನೂ ಬಂದು ಪಕ್ಕದಲ್ಲಿ ಕೂತಳು. ಗದ್ದೆಮ್ಮ ದಾರದ ಒಂದು ತುದಿಯನ್ನು ಅವಳ ಕಡೆ ಚಾಚಿದಳು. ಕಲ್ಯಾಣಮ್ಮ ಅದನ್ನು ಹಿಡಿದುಕೊಂಡಳು. ಗದ್ದೆಮ್ಮ ಎಳೆದು ಗಂಟು ಬಿಗಿದಳು.